ಲೇಬಲ್ ಬಿಡಿ, ಇಸವಿ ಹಿಡಿಯಿರಿ: ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೊಂದು ಬಹಿರಂಗ ಪತ್ರ

ಬಳ್ಳಾರಿಯ ಕಟಿಂಗ್ ಮಾಸ್ಟರುಗಳಿಗೆ, ಮೆಷಿನ್ ಮುಂದೆ ಕೂತ ಅಣ್ಣಂದಿರಿಗೆ ಅಕ್ಕಂದಿರಿಗೆ, ಮನೆಯಲ್ಲೇ ಕೂತು ದಾರ ಕತ್ತರಿಸಿ ಗುಂಡಿ ಹಚ್ಚಿಕೊಡುವ ತಾಯಂದಿರಿಗೆ, ಸಣ್ಣ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ,



ಜಪಾನಿನ ಒಕಾಯಾಮಾ ಪ್ರಾಂತದಲ್ಲಿ ಕೊಜಿಮಾ ಎಂಬ ಊರಿದೆ. ಅಲ್ಲಿ ಹೊಲಿದ ಒಂದು ಜೀನ್ಸಿನ ಬೆಲೆ 25,000 ಯೆನ್ ದಾಟುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 14,000 ರೂಪಾಯಿ. ಆ ಪ್ಯಾಂಟನ್ನು ತಂದು ನಿಮ್ಮ ಮುಂದಿಟ್ಟರೆ ನೀವು ನಗುತ್ತೀರಿ. ವಾಷಿಂಗಿಗೆ ಹೋಗಿಯೇ ಇಲ್ಲ, ನೆಲದ ಮೇಲಿಟ್ಟರೆ ಸೆಟೆದು ನಿಲ್ಲುತ್ತದೆ. ಒಗೆದರೆ ಕುಗ್ಗುತ್ತದೆ. ನಾಲ್ಕಾರು ಸಲ ಒಗೆಯುವ ಹೊತ್ತಿಗೆ ಕಾಲಿನ ಪಕ್ಕದ ಹೊಲಿಗೆ ತಿರುಚಿಕೊಂಡು ಮುಂದಕ್ಕೆ ಬಂದಿರುತ್ತದೆ. ಜಿಪ್ ಬದಲು ಗುಂಡಿಗಳು. ಕಾಲಿನ ತುದಿಯ ಮಡಿಕೆಯಲ್ಲಿ ಓರೆ ಓರೆ ಸುಕ್ಕು. ಇಂಥ ಮಾಲು ಕಳಿಸಿದರೆ ನಿಮ್ಮ ಹೋಲ್‌ಸೇಲ್ ಗಿರಾಕಿ ಬಂಡಲ್ ಬಿಚ್ಚಿದ ದಿನವೇ ಫೋನ್ ಮಾಡಿ ಬೈಯುತ್ತಾನೆ. ಕೊಜಿಮಾಕ್ಕೆ ಮಾತ್ರ ಇದನ್ನೇ ಹುಡುಕಿಕೊಂಡು ಸಮುದ್ರ ದಾಟಿ ಜನ ಬರುತ್ತಾರೆ.

ಅವರು ಮಾರುತ್ತಿರುವುದು ಹಳೆಯ ಅಮೆರಿಕನ್ ಜೀನ್ಸಿನ ಮರುಸೃಷ್ಟಿ. ರಿಪ್ರೊಡಕ್ಷನ್ ಎನ್ನುತ್ತಾರೆ, ಚಟ ಹತ್ತಿದವರು ರೆಪ್ರೊ ಎಂದು ಮೊಟಕು ಮಾಡುತ್ತಾರೆ. 1937ರ ಪ್ಯಾಂಟು, 1944ರ ಪ್ಯಾಂಟು, 1947ರ ಪ್ಯಾಂಟು ಎಂದು ಇಸವಿ ಹೇಳಿ ಹೊಲಿಯುವ ಕಸುಬು ಇದು. ಈ ಕಸುಬಿಗೆ ಬೇಕಾದ ಕೈ ಬಳ್ಳಾರಿಯಲ್ಲಿದೆ ಎಂದು ನಾನು ನಂಬಿದ್ದೇನೆ. ನಾನು ಹೊಲಿಗೆ ಕಲಿತವನಲ್ಲ, ಹಳೆಯ ಜೀನ್ಸ್ ಸಿಕ್ಕರೆ ಒಳಮಗ್ಗುಲು ಹೊರಗೆ ತಿರುವಿ ನೋಡುವ ಚಟದವನು. ಆದ್ದರಿಂದ ಹೇಗೆ ಹೊಲಿಯಬೇಕೆಂದು ನಿಮಗೆ ಹೇಳಲು ಹೋಗುವುದಿಲ್ಲ. ಯಾವ ಹೊಲಿಗೆ ಯಾಕೆ ಬಂತು, ಯಾವಾಗ ಹೋಯಿತು, ಅದಷ್ಟೇ ಈ ಪತ್ರದಲ್ಲಿದೆ.

ಮೊದಲು ಒಂದು ವಿಷಯ. ಜೀನ್ಸಿನ ಮೂಲಪುರುಷ ನಿಮ್ಮದೇ ಕಸುಬಿನವನು, ದರ್ಜಿ. ಲೀವೈ ಸ್ಟ್ರಾಸ್ ಬಟ್ಟೆ ವ್ಯಾಪಾರಿ, ಸ್ಯಾನ್ ಫ್ರಾನ್ಸಿಸ್ಕೋದ ಸಗಟು ಅಂಗಡಿಯವನು. ದರ್ಜಿಯ ಹೆಸರು ಜೇಕಬ್ ಡೇವಿಸ್. ರೀಗಾ ಪಟ್ಟಣದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದು ನೆವಾಡದ ರೀನೋದಲ್ಲಿ ಅಂಗಡಿ ಇಟ್ಟಿದ್ದ. ಕುದುರೆಗೆ ಹೊದಿಸುವ ಕಂಬಳಿ, ಡೇರೆ, ಗಾಡಿಯ ಹೊದಿಕೆ ಹೊಲಿಯುತ್ತಿದ್ದ. 1870ರ ಕೊನೆಯ ಸುಮಾರಿಗೆ ಸೌದೆ ಕಡಿಯುವವನೊಬ್ಬನ ಹೆಂಡತಿ ಬಂದು, ಗಂಡನ ಪ್ಯಾಂಟು ಎಷ್ಟು ಹೊಲಿಸಿದರೂ ಹರಿಯುತ್ತದೆ, ಗಟ್ಟಿಯಾದದ್ದೊಂದು ಬೇಕು ಎಂದಳು. ಡೇವಿಸ್ 3 ಡಾಲರ್ ಹೇಳಿದ. ಹೊಲಿದು ಮುಗಿಸಿದ ಮೇಲೆ ಮೇಜಿನ ಮೇಲಿದ್ದ ತಾಮ್ರದ ರಿವೆಟ್ಟುಗಳು ಕಣ್ಣಿಗೆ ಬಿದ್ದವು. ಕುದುರೆ ಕಂಬಳಿಗೆ ಪಟ್ಟಿ ಕೂರಿಸಲು ತಂದದ್ದು. ಜೇಬಿನ ಮೂಲೆಗಳಿಗೆ ಅವನ್ನೇ ಬಡಿದು ಕೊಟ್ಟ. ಬಟ್ಟೆ ಬಿಳಿಯ ದಪ್ಪ ಡಕ್, ಡೆನಿಮ್ ಆಮೇಲೆ ಬಂದದ್ದು.

ಆ ಪ್ಯಾಂಟಿಗೆ ಬೇಡಿಕೆ ಬಂತು. ಪೇಟೆಂಟಿಗೆ ಕಟ್ಟಲು 68 ಡಾಲರ್ ಬೇಕಿತ್ತು, ಕೈಯಲ್ಲಿ ಇರಲಿಲ್ಲ. 1872ರಲ್ಲಿ ತನಗೆ ಬಟ್ಟೆ ಕೊಡುತ್ತಿದ್ದ ಲೀವೈ ಸ್ಟ್ರಾಸ್ ಕಂಪನಿಗೆ ಪತ್ರ ಬರೆದು ಪಾಲುದಾರಿಕೆ ಕೇಳಿದ. 1873ರ ಮೇ 20ರಂದು ಇಬ್ಬರ ಹೆಸರಲ್ಲೂ 139,121ನೇ ಪೇಟೆಂಟ್ ಸಿಕ್ಕಿತು. ಜೇಬಿನ ಬಾಯಿಯ ಹೊಲಿಗೆ ಕಿತ್ತುಹೋಗದಂತೆ ರಿವೆಟ್ ಹಾಕುವ ವಿಧಾನ ಎಂಬುದಷ್ಟೇ ಅದರ ಸಾರ. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಹೊಲಿಗೆಯ ಉಸ್ತುವಾರಿ ನೋಡಿಕೊಂಡ. ಹೆಸರು ಮಾತ್ರ ಬಟ್ಟೆ ವ್ಯಾಪಾರಿಯದೇ ಉಳಿಯಿತು. ಅದು ನಿಮಗೆ ಹೊಸದೇನಲ್ಲ ಬಿಡಿ.

ಆ ಪೇಟೆಂಟ್ 1890ರಲ್ಲಿ ಮುಗಿಯಿತು. ಅಂದಿನಿಂದ ರಿವೆಟ್ ಎಲ್ಲರ ಸ್ವತ್ತು. ಲೀವೈಸ್ ಪ್ಯಾಂಟಿಗೆ 501 ಎಂಬ ಲಾಟ್ ನಂಬರ್ ಬಂದದ್ದೂ ಆ ಸುಮಾರಿಗೇ. ಕಂಪನಿಯ ಹಳೆಯ ಕಾಗದಪತ್ರ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಮತ್ತು ಬೆಂಕಿಯಲ್ಲಿ ಸುಟ್ಟುಹೋಯಿತು. ಹಾಗಾಗಿ ಹಳೆಯ ಜೀನ್ಸಿನ ಚರಿತ್ರೆ ಓದಲು ಪ್ಯಾಂಟನ್ನೇ ಬಿಚ್ಚಬೇಕು. ಪಾಳು ಗಣಿಗಳಲ್ಲಿ, ಮಣ್ಣಿನಡಿಯಲ್ಲಿ ಸಿಕ್ಕ ಚಿಂದಿಗಳಿಗೆ ಅಷ್ಟು ಬೆಲೆ ಬಂದದ್ದು ಇದಕ್ಕೇ. 2001ರಲ್ಲಿ ನೆವಾಡದ ಗಣಿ ಊರೊಂದರಲ್ಲಿ ಸಿಕ್ಕ 1880ರ ದಶಕದ ತನ್ನದೇ ಪ್ಯಾಂಟನ್ನು ಲೀವೈಸ್ ಕಂಪನಿ ಹರಾಜಿನಲ್ಲಿ 46,532 ಡಾಲರ್ ಕೊಟ್ಟು ವಾಪಸ್ ಕೊಂಡಿತು.

ಇನ್ನು ಪ್ಯಾಂಟನ್ನು ಬಿಚ್ಚೋಣ. ಮೊದಲ ಮಾದರಿಗೆ ನಾಲ್ಕು ಜೇಬು: ಮುಂದೆ ಎರಡು, ಗಡಿಯಾರಕ್ಕೊಂದು ಪುಟ್ಟದು, ಹಿಂದೆ ಬಲಗಡೆ ಒಂದೇ. ಹಿಂದಿನ ಎರಡನೇ ಜೇಬು ಬಂದದ್ದು 1901ರಲ್ಲಿ. ಬೆಲ್ಟ್ ಲೂಪ್ ಬರಲು 1922 ಆಗಬೇಕಾಯಿತು. ಅಲ್ಲಿಯವರೆಗೆ ಹೆಗಲ ಪಟ್ಟಿಗೆ ಗುಂಡಿಗಳಿದ್ದವು, ಸೊಂಟ ಬಿಗಿಮಾಡಲು ಹಿಂಬದಿಯಲ್ಲಿ ಬಕಲ್ ಇರುವ ಪಟ್ಟಿ ಇತ್ತು. ಲೂಪ್ ಬಂದ ಮೇಲೂ ಹದಿನೈದು ವರ್ಷ ಆ ಗುಂಡಿಗಳನ್ನು ತೆಗೆಯಲಿಲ್ಲ. ಹಳಬರಿಗೆ ಗುಂಡಿ ಬೇಕು, ಹುಡುಗರಿಗೆ ಬೆಲ್ಟ್ ಬೇಕು. ಹುಡುಗರು ಹಿಂದಿನ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಬಿಸಾಡುತ್ತಿದ್ದರು. ಇವತ್ತು 1920ರ ದಶಕದ ಮಾದರಿ ಹೊಲಿಯುವ ಜಪಾನೀಯರು ಲೂಪ್, ಗುಂಡಿ, ಪಟ್ಟಿ ಮೂರನ್ನೂ ಇಡುತ್ತಾರೆ. ಒಂದೇ ಸೊಂಟವನ್ನು ಮೂರು ಥರ ಬಿಗಿಮಾಡುವ ಪ್ಯಾಂಟು! ನೋಡಲು ವಿಚಿತ್ರ, ಆ ಇಸವಿಗೆ ಮಾತ್ರ ನಿಜ.

1936ರಲ್ಲಿ ಹಿಂದಿನ ಬಲ ಜೇಬಿಗೆ ಕೆಂಪು ಟ್ಯಾಬ್ ಬಂತು. ದನಗಾಹಿಗಳ ರೋಡಿಯೋ ಪಂದ್ಯದ ಮೈದಾನದಲ್ಲಿ ದೂರದಿಂದಲೇ ಇದು ನಮ್ಮ ಪ್ಯಾಂಟು ಎಂದು ಗುರುತಿಸಲು ಮಾರಾಟದವರು ಮಾಡಿದ ಉಪಾಯ ಅದು. ಮರುವರ್ಷವೇ ಹಿಂದಿನ ಜೇಬಿನ ರಿವೆಟ್ಟುಗಳು ಬಟ್ಟೆಯೊಳಗೆ ಅಡಗಿದವು. ಕುದುರೆಯ ಜೀನು, ಶಾಲೆಯ ಬೆಂಚು, ಮನೆಯ ಕುರ್ಚಿ ಎಲ್ಲಕ್ಕೂ ಗೀರು ಬೀಳುತ್ತಿದೆ ಎಂದು ಗಿರಾಕಿಗಳು ದೂರಿದ್ದರು. ತೆಗೆದುಹಾಕುವ ಬದಲು ಒಳಗಡೆ ಹೂತಿಟ್ಟರು. ಆ ರಿವೆಟ್ಟುಗಳು ಒಳಗಿಂದಲೇ ಬಟ್ಟೆಯನ್ನು ಸವೆಸಿ ತಲೆ ಹೊರಹಾಕುತ್ತಿದ್ದವು. ಕೊನೆಗೆ 1966ರಲ್ಲಿ ಅವುಗಳ ಜಾಗಕ್ಕೆ ಬಾರ್‌ಟ್ಯಾಕ್ ಬಂತು. ಇಂದು ನೀವು ಸೆಕೆಂಡಿನಲ್ಲಿ ಹೊಡೆದು ಮುಗಿಸುವ ಬಾರ್‌ಟ್ಯಾಕ್ ಇದೆಯಲ್ಲ, ಅದು ಹೀಗೆ ರಿವೆಟ್ಟಿನ ಜಾಗ ಹಿಡಿದದ್ದು.

ಕವೆಯ ಬುಡದಲ್ಲಿ, ನಾಲ್ಕು ಹೊಲಿಗೆ ಕೂಡುವ ಕಡೆ ಇನ್ನೊಂದು ರಿವೆಟ್ ಇತ್ತು. ಕಂಪನಿಯ ಮುಖ್ಯಸ್ಥ ವಾಲ್ಟರ್ ಹಾಸ್ ಕಾಡಿನಲ್ಲಿ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಅದು ಕಾದು ಚುರುಕು ಮುಟ್ಟಿಸಿತು, ಅದಕ್ಕೇ ತೆಗೆಸಿದ ಎಂಬ ಕಥೆಯಿದೆ. ಕಥೆ ಚೆನ್ನಾಗಿದೆ. ಎರಡನೇ ಮಹಾಯುದ್ಧದ ಕಾಲದ ಲೋಹದ ಉಳಿತಾಯವೂ ಅದೇ ಹೊತ್ತಿಗೆ ಬಂತೆನ್ನುವುದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ಈ ಯುದ್ಧಕಾಲದ ಪ್ಯಾಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ನಾನು ಕೇಳಲಿರುವುದು ಅದನ್ನೇ. 1942ರಿಂದ ಅಮೆರಿಕದ ಸರ್ಕಾರ ಲೋಹ, ಬಟ್ಟೆ, ದಾರ ಎಲ್ಲಕ್ಕೂ ಮಿತಿ ಹಾಕಿತು. 501 ಸರಳವಾಯಿತು. ಲಾಟ್ ನಂಬರಿನ ಮೊದಲಿಗೆ ಸರಳ ಎಂಬುದರ ಗುರುತಾಗಿ ಒಂದು ಎಸ್ ಸೇರಿಕೊಂಡಿತು. ಹಿಂದಿನ ಪಟ್ಟಿ ಹೋಯಿತು, ಗಡಿಯಾರದ ಜೇಬಿನ ರಿವೆಟ್ ಹೋಯಿತು, ಕವೆಯದೂ ಹೋಯಿತು. ಹೆಸರು ಕೊರೆದ ಗುಂಡಿಗಳ ಬದಲು ಬಜಾರಿನಲ್ಲಿ ಸಿಗುವ ಎಲೆಬಳ್ಳಿಯ ಚಿತ್ರದ ಗುಂಡಿಗಳು, ನಡುವೆ ತೂತಿರುವ ಗುಂಡಿಗಳು ಬಂದವು. ಜೇಬಿನ ಒಳಚೀಲಕ್ಕೆ ಬಿಳಿ ಬಟ್ಟೆ ಸಿಗದೆ ಕಾರ್ಖಾನೆಯಲ್ಲಿ ಏನಿತ್ತೋ ಅದನ್ನೇ ಕತ್ತರಿಸಿದರು; ಹಸಿರು ಟ್ವಿಲ್, ಚೌಕುಳಿ ಫ್ಲಾನಲ್ ಕೂಡ ಸಿಕ್ಕಿವೆ. ಎಲ್ಲಕ್ಕಿಂತ ಮಜಾ ಹಿಂದಿನ ಜೇಬಿನ ಮೇಲಿನ ಜೋಡಿ ಕಮಾನು ಹೊಲಿಗೆಯದು. ಅದರಿಂದ ಪ್ಯಾಂಟಿಗೆ ಯಾವ ಗಟ್ಟಿತನವೂ ಇಲ್ಲ, ಬರೀ ಅಲಂಕಾರ, ಅದಕ್ಕೆ ದಾರ ಬಳಸುವ ಹಾಗಿಲ್ಲ ಎಂಬ ತೀರ್ಮಾನವಾಯಿತು. ಗುರುತು ಕಳೆದುಕೊಳ್ಳಲು ಕಂಪನಿಗೆ ಮನಸ್ಸಿಲ್ಲ. ಜೇಬಿನ ಮೇಲೆ ಕಮಾನನ್ನು ಬಣ್ಣದಲ್ಲಿ ಬಳಿದರು. ಕೆಲವು ಒಗೆತಕ್ಕೆ ಬಣ್ಣ ಹೋಯಿತು, ಜೇಬು ಖಾಲಿಯಾಯಿತು.

ಜಪಾನಿನ ಮರುಸೃಷ್ಟಿಯವರು ಈ ಬಡ ಪ್ಯಾಂಟಿನ ಮೇಲೆ ಪ್ರಾಣ ಬಿಡುತ್ತಾರೆ. ಒಂದೇ ಪ್ಯಾಂಟಿಗೆ ಎರಡು ಥರದ ಗುಂಡಿ, ಕಂಡಕಂಡ ಬಟ್ಟೆಯ ಒಳಚೀಲ, ಅಳತೆ ತುಸು ತಪ್ಪಿದ ಜೇಬು ಎಲ್ಲವನ್ನೂ ಲೆಕ್ಕ ಹಾಕಿ ಹೊಲಿಯುತ್ತಾರೆ. ಅವಸರದ ಹೊಲಿಗೆಯನ್ನು ಅವರು ಅವಸರವಿಲ್ಲದೆ ಹೊಲಿಯುತ್ತಾರೆ. ಇದು ಹುಚ್ಚು ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಸೋಮಾರಿತನದಿಂದ ಓರೆಯಾದ ಹೊಲಿಗೆಗೂ, ಓರೆ ಯಾಕೆ ಬಂತೆಂದು ತಿಳಿದು ಹಾಕಿದ ಹೊಲಿಗೆಗೂ ಇರುವ ವ್ಯತ್ಯಾಸ ಮೆಷಿನ್ ಮೇಲೆ ಕೂತವರಿಗೆ ಚೆನ್ನಾಗಿ ಗೊತ್ತು.

ಬಟ್ಟೆಯ ಮಾತಿಗೆ ಬರೋಣ. ಹಳೆಯ ಡೆನಿಮ್ ಲಾಳಿ ಮಗ್ಗದ್ದು. ಅಗಲ ಹೆಚ್ಚೆಂದರೆ 30 ಇಂಚಿನ ಆಸುಪಾಸು, ಎರಡೂ ಅಂಚು ಬಿಗಿಯಾಗಿ ಮುಚ್ಚಿರುತ್ತಿದ್ದವು. ಆ ಅಂಚಿನಲ್ಲಿ ಬಣ್ಣದ ಎಳೆ ಹಾಕಿ ಯಾವ ಗಿರಾಕಿಯ ಬಟ್ಟೆ ಎಂದು ಗಿರಣಿಯವರು ಗುರುತಿಟ್ಟುಕೊಳ್ಳುತ್ತಿದ್ದರು. ಲೀವೈಸಿಗೆ ಕೆಂಪು ಎಳೆ. ಈಗ ಸೆಲ್ವೆಜ್ ಎಂದು ಕಾಲಿನ ತುದಿ ಮಡಚಿ ತೋರಿಸಿಕೊಂಡು ಓಡಾಡುವುದು ಈ ಅಂಚನ್ನೇ. ಅಂದಿನ ಕಟಿಂಗ್ ಮಾಸ್ಟರಿಗೆ ಇದು ಶೋಕಿಯಾಗಿರಲಿಲ್ಲ. ಅಂಚು ತಾನೇ ಬಿಚ್ಚಿಕೊಳ್ಳುವುದಿಲ್ಲ, ಹೊರಬದಿಗೆ ಓವರ್‌ಲಾಕ್ ಬೇಡ, ಬಟ್ಟೆ ಉಳಿತಾಯ, ಕೆಲಸವೂ ಕಡಿಮೆ. ಆದರೆ ಅಂಚು ನೇರ ಇರುವುದರಿಂದ ಪ್ಯಾಂಟಿನ ಹೊರಬದಿಯೂ ನೇರವಾಗಿಯೇ ಬರಬೇಕು. ತೊಡೆಯ ಆಕಾರವನ್ನೆಲ್ಲ ಒಳಬದಿಯಲ್ಲೇ ತೆಗೆಯಬೇಕು. ಹಳೆಯ ಜೀನ್ಸಿನ ನೇರ, ದೊಗಲೆ ಕಾಲು ಫ್ಯಾಷನ್ನಿನಿಂದ ಬಂದದ್ದಲ್ಲ, ಮಗ್ಗದ ಅಗಲದಿಂದ ಬಂದದ್ದು. ಸೆಲ್ವೆಜ್ ಬಟ್ಟೆ ತಂದು ಅದರಲ್ಲಿ ಬಿಗಿಯಾದ ಸ್ಕಿನ್ನಿ ಕತ್ತರಿಸುವವರನ್ನು ಕಂಡಾಗ ನನಗೆ ಅಂಚಿನ ಮೇಲೆ ಕನಿಕರ ಬರುತ್ತದೆ.

ಲೀವೈಸಿಗೆ ಬಟ್ಟೆ ಬರುತ್ತಿದ್ದದ್ದು ಮೊದಲು ನ್ಯೂ ಹ್ಯಾಂಪ್‌ಶೈರಿನ ಆಮೊಸ್ಕೆಗ್ ಗಿರಣಿಯಿಂದ, 1915ರ ನಂತರ ಉತ್ತರ ಕೆರೊಲೈನಾದ ಗ್ರೀನ್ಸ್‌ಬರೋದಲ್ಲಿದ್ದ ಕೋನ್ ಕಂಪನಿಯ ವೈಟ್ ಓಕ್ ಗಿರಣಿಯಿಂದ. ವೈಟ್ ಓಕ್ 1905ರಲ್ಲಿ ಶುರುವಾಗಿ 2017ರ ಕೊನೆಯಲ್ಲಿ ಮುಚ್ಚಿತು. ಅಷ್ಟರಲ್ಲಿ ಅಗಲ ಮಗ್ಗಗಳು ಬಂದು, 1980ರ ದಶಕದ ಮೊದಲ ವರ್ಷಗಳಲ್ಲೇ ಲೀವೈಸ್ ಕಿರಿಅಗಲದ ಬಟ್ಟೆಯನ್ನು ಕೈಬಿಟ್ಟಿತ್ತು. ಜಪಾನೀಯರು ಅಮೆರಿಕದ ಹಳೆಯ ಮಗ್ಗಗಳನ್ನೇ ಹೊತ್ತುಕೊಂಡು ಹೋದರು ಎಂಬ ಮಾತು ಹಬ್ಬಿದೆ. ಅವರು ಬಳಸುವುದು ಬಹುಮಟ್ಟಿಗೆ ತಮ್ಮದೇ ಟೊಯೊಡಾ ಮಗ್ಗ. ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಮಗ್ಗದಲ್ಲಿ ಓಟ ನಿಲ್ಲಿಸದೆಯೇ ಲಾಳಿ ಬದಲಾಗುತ್ತಿತ್ತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕೊಂಡಿತು. ಅದೇ ಮನೆತನ ಮುಂದೆ ಟೊಯೊಟಾ ಕಾರಿಗೆ ಕೈಹಾಕಿತು.

ಬಣ್ಣದ ಕೆಲಸ ಇನ್ನೊಂದು. ನೂರಾರು ಎಳೆಗಳನ್ನು ಹಗ್ಗ ಮಾಡಿ ನೀಲಿಯ ತೊಟ್ಟಿಯಲ್ಲಿ ಅದ್ದಿ ಎತ್ತುತ್ತಾರೆ. ಹೊರಗೆ ಬಂದಾಗ ಹಳದಿ ಹಸಿರು, ಗಾಳಿ ತಗುಲಿದ ಮೇಲೆ ನೀಲಿ. ಮತ್ತೆ ಅದ್ದು, ಮತ್ತೆ ಗಾಳಿ. ಎಷ್ಟು ಸಲ ಅದ್ದಿದರೂ ನೂಲಿನ ನಡುಮಧ್ಯ ಬಿಳಿಯಾಗೇ ಉಳಿಯುತ್ತದೆ. ಮೇಲಿನ ನೀಲಿ ಸವೆದಂತೆ ಒಳಗಿನ ಬಿಳಿ ಹೊರಬರುತ್ತದೆ. ಮಂಡಿಯ ಹಿಂದಿನ ಗೆರೆ, ತೊಡೆಯ ಬುಡದ ಗೆರೆ, ಪಾಕೀಟಿನ ಅಚ್ಚು ಎಲ್ಲ ಹೀಗೆ ಮೂಡುತ್ತವೆ. ಜರ್ಮನಿಯ ಬಿಎಎಸ್ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಹಿಂದಿನ ಪ್ಯಾಂಟುಗಳೆಲ್ಲ ಗಿಡದ ನೀಲಿಯವು. ನಮ್ಮ ದೇಶದ ನೀಲಿ ವ್ಯಾಪಾರ ಆಮೇಲೆ ಕುಸಿದದ್ದು, ಚಂಪಾರಣದ ರೈತರ ಗೋಳು 1917ರಲ್ಲಿ ಗಾಂಧೀಜಿಯನ್ನು ಅಲ್ಲಿಗೆ ಎಳೆದದ್ದು ಶಾಲೆಯಲ್ಲಿ ಓದಿದ್ದೀರಿ.

ಕಾಲು ತಿರುಚುವುದೂ ಬಟ್ಟೆಯದೇ ಗುಣ. ಟ್ವಿಲ್ ನೇಯ್ಗೆಗೆ ಒಂದು ಕಡೆಗೆ ಎಳೆಯುವ ಸ್ವಭಾವ ಇದೆ. ಒಗೆದಾಗ ಬಟ್ಟೆ ಆ ಕಡೆಗೆ ಹೊರಳುತ್ತದೆ. 1930ರಲ್ಲಿ ಸ್ಯಾನ್‌ಫರ್ಡ್ ಕ್ಲುಯೆಟ್ ಬಟ್ಟೆಯನ್ನು ಹೊಲಿಗೆಗೆ ಮೊದಲೇ ಕುಗ್ಗಿಸುವ ವಿಧಾನ ಕಂಡುಹಿಡಿದ. ಮುಂದೆ ಬಟ್ಟೆಯನ್ನು ಮೊದಲೇ ಓರೆಗೆ ಎಳೆದು ತಿರುಚನ್ನೂ ಹೋಗಲಾಡಿಸಿದರು. ನೀವು ಇಂದು ಹೊಲಿಯುವುದು ಈ ಎರಡೂ ಸಂಸ್ಕಾರವಾದ ಬಟ್ಟೆ. ಮರುಸೃಷ್ಟಿಯವರು ಎರಡನ್ನೂ ಬಿಟ್ಟ ಹಸಿ ಬಟ್ಟೆ ಕೇಳುತ್ತಾರೆ. ತುದಿಯ ಮಡಿಕೆ ಸುಕ್ಕಾಗಲು ಇನ್ನೊಂದು ಕಾರಣ. ಬಾಬಿನ್ ಇಲ್ಲದೆ ಕೋನಿನಿಂದ ನೇರ ದಾರ ಎಳೆಯುವ ಚೈನ್ ಸ್ಟಿಚ್ ಮೆಷಿನ್ ಅಮೆರಿಕದ ಕಾರ್ಖಾನೆಗಳಲ್ಲಿತ್ತು. ಯೂನಿಯನ್ ಸ್ಪೆಷಲ್ ಕಂಪನಿಯ 43200ಜಿ ಎಂಬ ಮಾದರಿಯಲ್ಲಿ ಮಡಿಕೆಯ ಮೇಲಿನ ಪದರ ಒಂದು ಹದದಲ್ಲಿ, ಕೆಳಗಿನದು ಇನ್ನೊಂದು ಹದದಲ್ಲಿ ಸರಿಯುತ್ತದೆ. ಬಟ್ಟೆ ಕುಗ್ಗಿದಾಗ ಅಂಚು ಹುರಿಗಟ್ಟುತ್ತದೆ. ಮೆಷಿನ್ನಿನ ದೋಷ ಅದು. ಆ ಮೆಷಿನ್ ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ, ಈಗ ಲೋಕವೆಲ್ಲ ಸುತ್ತಿ ಹುಡುಕಿ ತಂದು ರಿಪೇರಿ ಮಾಡಿಸಿ ಇಟ್ಟುಕೊಳ್ಳುತ್ತಾರೆ.

ಲೀ ಮತ್ತು ರ್‍ಯಾಂಗ್ಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವುಗಳದೇ ಬೇರೆ ಪತ್ರವಾಗುತ್ತದೆ. ಕ್ಯಾನ್ಸಸ್ಸಿನ ಲೀ ಕಂಪನಿ 1920ರ ದಶಕದಲ್ಲೇ ದನಗಾಹಿಗಳ ಪ್ಯಾಂಟಿಗೆ ಜಿಪ್ ಹಾಕಿತ್ತು. 1947ರಲ್ಲಿ ಬಂದ ರ್‍ಯಾಂಗ್ಲರ್ ಮಾದರಿಯನ್ನು ರೂಪಿಸಿದವನೂ ದರ್ಜಿಯೇ. ಫಿಲಡೆಲ್ಫಿಯಾದ ರೋಡಿಯೋ ಬೆನ್. ಕುದುರೆ ಸವಾರರನ್ನು ಕೇಳಿ, ಜೀನಿಗೆ ಗೀರು ಬೀಳದ ಚಪ್ಪಟೆ ರಿವೆಟ್, ಏಳು ಬೆಲ್ಟ್ ಲೂಪ್ ಇಟ್ಟವನು.

ಈಗ ಕೊಜಿಮಾ. ಸಮುದ್ರ ಹಿಂದೆ ತಳ್ಳಿ ಮಾಡಿದ ಉಪ್ಪು ನೆಲ, ಭತ್ತ ಬರದ ಕಾರಣ ಹತ್ತಿ ಬೆಳೆದರು. ಹತ್ತಿಯಿಂದ ಕಾಲುಚೀಲ, ಕಟ್ಟುವ ಪಟ್ಟಿ, ಆಮೇಲೆ ಶಾಲಾ ಸಮವಸ್ತ್ರ. ದೇಶದ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುತ್ತಿದ್ದ ಊರಿಗೆ ಪಾಲಿಯೆಸ್ಟರ್ ಬಂದು ಪೆಟ್ಟು ಬಿತ್ತು. ಮಾರುವೊ ಎಂಬ ಕಾರ್ಖಾನೆ ಅಮೆರಿಕದಿಂದ ಡೆನಿಮ್ ತರಿಸಿ 1965ರಲ್ಲಿ ಕ್ಯಾಂಟನ್ ಹೆಸರಿನ ಜೀನ್ಸ್ ಹೊಲಿಯಿತು. ತಮ್ಮಲ್ಲಿದ್ದ ಮೆಷಿನ್ನಿನ ಸೂಜಿ ಆ ಬಟ್ಟೆಗೆ ಇಳಿಯದೆ ಅಮೆರಿಕದ ಮೆಷಿನ್ನನ್ನೇ ತರಿಸಬೇಕಾಯಿತು. ಇದೇ ಕಾರ್ಖಾನೆ ಮುಂದೆ ಬಿಗ್ ಜಾನ್ ಆಯಿತು. ಹಿರೋಷಿಮಾ ಕಡೆಯ ಕೈಹಾರಾ, 1893ರಿಂದ ನೀಲಿ ಇಕತ್ ನೇಯುತ್ತಿದ್ದ ಮನೆ, 1970ರಲ್ಲಿ ಹಗ್ಗದ ಬಣ್ಣಕ್ಕೆ ಯಂತ್ರ ಕಟ್ಟಿತು. 1973ರಲ್ಲಿ ಕುರಾಬೊ ಗಿರಣಿ ಜಪಾನಿನದೇ ಡೆನಿಮ್ ಹೊರತಂದಿತು. ಹೀಗೆ ಎಂಟೇ ವರ್ಷದಲ್ಲಿ ಬಟ್ಟೆ, ಬಣ್ಣ, ಹೊಲಿಗೆ ಮೂರೂ ಜಪಾನಿನದೇ ಆಯಿತು.

ಮರುಸೃಷ್ಟಿಯ ಹುಚ್ಚು ಹತ್ತಿಸಿದ್ದು ಒಸಾಕಾ. 1979ರಲ್ಲಿ ಸ್ಟುಡಿಯೊ ಡಾರ್ಟಿಸಾನ್, 1988ರಲ್ಲಿ ಡೆನೀಮ್ (Denime) ಎಂಬ ಕಂಪನಿ, 1991ರಲ್ಲಿ ಎವಿಸು, ಆಮೇಲೆ ಫುಲ್‌ಕೌಂಟ್, 1995ರಲ್ಲಿ ವೇರ್‌ಹೌಸ್. ಅಮೆರಿಕದ ಹಳೆಯ ಬಟ್ಟೆ ತಂದು ಮಾರುತ್ತಿದ್ದ ಹುಡುಗರೂ ಇವರಲ್ಲಿದ್ದರು. ಮಾಲು ಮುಗಿಯುತ್ತ ಬಂದಾಗ, ಇದನ್ನು ನಾವೇ ಹೊಲಿದರೆ ಹೇಗೆ ಎಂದು ಹೊರಟರು. ದೊಡ್ಡ ಕಾರ್ಖಾನೆ ಕಟ್ಟಲಿಲ್ಲ. ಬಣ್ಣ ಒಬ್ಬರದು, ನೇಯ್ಗೆ ಇನ್ನೊಬ್ಬರದು, ಹೊಲಿಗೆ ಬೇರೊಂದು ಮನೆಯದು. ನಿಮ್ಮಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ಕಾಜಾ ಇನ್ನೊಂದು ಬೀದಿಯಲ್ಲಿ ನಡೆಯುವ ಹಾಗೆಯೇ. ದಂಡಿನ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿದವರ ಮೊಮ್ಮಕ್ಕಳು ನಾವು ಎಂದು ನಿಮ್ಮಲ್ಲಿ ಹಿರಿಯರು ಹೇಳುತ್ತಾರೆ. ಕೊಜಿಮಾದ ಹಿರಿಯರೂ ಸಮವಸ್ತ್ರದಿಂದಲೇ ಮಾತು ಶುರುಮಾಡುತ್ತಾರೆ.

ಹಾಗಾದರೆ ವ್ಯತ್ಯಾಸವೆಲ್ಲಿ? ನಕಲು ಇಬ್ಬರೂ ಮಾಡಿದ್ದೇವೆ. ನಮ್ಮ ದೇಶದ ಬಜಾರು ನಕಲು ಮಾಡಿದ್ದು ಲೇಬಲ್ಲನ್ನು. ದೊಡ್ಡ ಹೆಸರಿನ ಒಂದಕ್ಷರ ಬದಲಿಸಿ ಹಚ್ಚಿದರೆ ಮಾಲು ಓಡುತ್ತದೆ ಎಂಬ ಲೆಕ್ಕ. ಅವರು ನಕಲು ಮಾಡಿದ್ದು ಹೊಲಿಗೆಯನ್ನು. ಅಲ್ಲೂ ಎಲ್ಲರೂ ಸಾಚಾ ಅಲ್ಲ. ಕೆಲವರು ಕಮಾನು, ಕೆಂಪು ಟ್ಯಾಬ್, ಎರಡು ಕುದುರೆ ಎಳೆಯುವ ಚಿತ್ರದ ಪ್ಯಾಚನ್ನು ಹೋಲುವಂಥದನ್ನೂ ಇಟ್ಟರು. 2007ರಲ್ಲಿ ಲೀವೈಸ್ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು, ಅವರು ಬದಲಿಸಬೇಕಾಯಿತು. ಕಮಾನು ಹೊಲಿಗೆ 1943ರಿಂದ ನೋಂದಾಯಿತ ಗುರುತು. ಲೀಯ ಹಾವಿನಂಥ ಎಸ್, ರ್‍ಯಾಂಗ್ಲರಿನ ಡಬ್ಲ್ಯು ಕೂಡ ಅವರವರ ಸ್ವತ್ತು. ಇವನ್ನು ಮುಟ್ಟಬೇಡಿ. ಉಳಿದದ್ದನ್ನೆಲ್ಲ ಮುಟ್ಟಿ. ಅಡಗಿದ ರಿವೆಟ್, ಹಿಂದಿನ ಪಟ್ಟಿ, ಗುಂಡಿಯ ಮುಂಭಾಗ, ನೇರ ಅಂಚು, ಚೈನ್ ಸ್ಟಿಚ್ ಯಾರಪ್ಪನ ಸೊತ್ತೂ ಅಲ್ಲ.

ಹಳೆಯದನ್ನು ಇದ್ದ ಹಾಗೆಯೇ ತರಬೇಕು ಎನ್ನುವವರಿಗೂ ಒಂದು ಮಾತು. 2022ರಲ್ಲಿ ನ್ಯೂ ಮೆಕ್ಸಿಕೋದಲ್ಲಿ 1880ರ ದಶಕದ ಲೀವೈಸ್ ಪ್ಯಾಂಟೊಂದು 76,000 ಡಾಲರಿಗೆ ಹರಾಜಾಯಿತು. ಅದರ ಜೇಬಿನ ಒಳಚೀಲದ ಮೇಲೆ, ಇದು ಬಿಳಿಯರ ಕೈಯಿಂದಲೇ ಆದದ್ದು ಎಂಬರ್ಥದ ಅಚ್ಚಿತ್ತು. 1882ರಲ್ಲಿ ಅಮೆರಿಕ ಚೀನೀ ಕೂಲಿಗಳ ವಲಸೆಯನ್ನು ಕಾಯ್ದೆಯಿಂದ ತಡೆದಿತ್ತು. ಆ ದ್ವೇಷವನ್ನೇ ಮಾರಾಟದ ಮಾತಾಗಿ ಮಾಡಿಕೊಂಡಿದ್ದರು. 1890ರ ದಶಕದಲ್ಲಿ ಅದನ್ನು ಕೈಬಿಟ್ಟೆವು ಎಂದು ಕಂಪನಿ ಹೇಳುತ್ತದೆ. ಇಸವಿಗೆ ನಿಷ್ಠೆ ಎಂದು ಆ ಅಚ್ಚನ್ನು ಮತ್ತೆ ಒತ್ತುವವನು ನನ್ನ ಲೆಕ್ಕದಲ್ಲಿ ಅಡ್ಡಕಸುಬಿ. ಅದರ ಜಾಗ ಮ್ಯೂಸಿಯಂ.

ನಿಮ್ಮ ಹೊಟ್ಟೆಪಾಡಿನ ವಿಷಯಕ್ಕೆ ಬರುತ್ತೇನೆ. ಬಳ್ಳಾರಿಯ ಜೀನ್ಸಿಗೆ ಕಷ್ಟ ಬರುವುದು ಹೆಚ್ಚಾಗಿ ವಾಷಿಂಗಿನ ನೀರಿನಿಂದ. ನೀರು ಸಾಲದು, ಬಣ್ಣದ ನೀರು ಬಿಡಲು ಜಾಗವಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ತಪ್ಪದು.   ಹೊಸ ಪ್ಯಾಂಟನ್ನು ಹಳೆಯದಾಗಿ ಕಾಣಿಸಲು ಕಲ್ಲು, ರಾಸಾಯನಿಕ, ಮರಳು ಎಲ್ಲ ಬೇಕು. ಮರಳು ಊದುವ ಕೆಲಸದಲ್ಲಿ ಶ್ವಾಸಕೋಶ ಕೆಟ್ಟು ಹುಡುಗರು ಸತ್ತ ಮೇಲೆ ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ಮರುಸೃಷ್ಟಿಯ ಜೀನ್ಸಿಗೆ ಇದಾವುದೂ ಬೇಡ. ಹಸಿಯಾಗಿಯೇ ಅಂಗಡಿಗೆ ಹೋಗುತ್ತದೆ. ಸವೆಸುವ ಕೆಲಸ ಕೊಂಡವನದು, ಅದಕ್ಕಾಗಿಯೇ ಅವನು ದುಡ್ಡು ಕೊಡುವುದು.

ಬಟ್ಟೆ ಎಲ್ಲಿಂದ ಎನ್ನುತ್ತೀರಿ. ಸೆಲ್ವೆಜ್ ಡೆನಿಮ್ ಅಹಮದಾಬಾದಿನ ಅರವಿಂದ್ ಗಿರಣಿಯಲ್ಲೇ ನೇಯುತ್ತಾರೆ. ದಾರದ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ. ಪೂರ್ತಿ ಹತ್ತಿ ದಾರ ಇಸವಿಗೆ ಸರಿ, ಬಟ್ಟೆಯ ಜೊತೆಗೇ ಕುಗ್ಗಿ ಹೊಲಿಗೆಗೆ ಚೆಂದದ ಸುಕ್ಕು ಕೊಡುತ್ತದೆ, ಆದರೆ ಬೇಗ ಕೊಳೆಯುತ್ತದೆ. ಕವೆಗೂ ಹಿಂಭಾಗಕ್ಕೂ ಒಳಗೆ ಪಾಲಿಯೆಸ್ಟರ್ ಇರುವ ದಾರವನ್ನೇ ಹಾಕಿ. ಇಸವಿ ಕೆಡುತ್ತದೆ ಎಂದು ಯಾರಾದರೂ ಗೊಣಗಿದರೆ ಅವರ ಪ್ಯಾಂಟನ್ನು ರಿಪೇರಿಗೆ ತರಲು ಹೇಳಿ. ಜಪಾನಿನ ಒಳ್ಳೆಯ ಅಂಗಡಿಗಳು ತಾವು ಮಾರಿದ್ದನ್ನು ತಾವೇ ರಫು ಮಾಡಿಕೊಡುತ್ತವೆ. ಆ ಕೆಲಸಕ್ಕೂ ನಿಮ್ಮ ಕೈ ಪಳಗಿದೆ.

ಯಾವ ಇಸವಿ ಹಿಡಿಯಬೇಕು ಎಂದರೆ ನನ್ನ ಉತ್ತರ ಯುದ್ಧಕಾಲದ್ದು, 1943 ಅಥವಾ 1944. ರಿವೆಟ್ ಕಡಿಮೆ. ಪಟ್ಟಿ, ಬಕಲ್ ಇಲ್ಲ. ಗುಂಡಿ ಹೆಸರಿಲ್ಲದ್ದೇ ನ್ಯಾಯ. ಒಳಚೀಲಕ್ಕೆ ಕೈಗೆ ಸಿಕ್ಕ ಬಟ್ಟೆ ಎಂಬುದೇ ಅಂದಿನ ಪದ್ಧತಿ. ನಿಮ್ಮ ಮೂಲೆಯಲ್ಲಿ ಬಿದ್ದಿರುವ ತುಂಡು ಕೈಮಗ್ಗದ ಬಟ್ಟೆ ಹಾಕಿದರೂ ಯಾವ ಪಂಡಿತನೂ ತಪ್ಪು ಎನ್ನಲಾರ. ಹಿಂದಿನ ಜೇಬಿನ ಮೇಲೆ ಏನೂ ಬೇಡ. ಬಣ್ಣದ ಕಮಾನು ಒಗೆದು ಹೋದ ಜೇಬು ಖಾಲಿಯೇ ತಾನೆ? ಖಾಲಿ ಬಿಟ್ಟರೆ ಇಸವಿಗೂ ನಿಷ್ಠೆ, ಕೋರ್ಟಿನ ಭಯವೂ ಇಲ್ಲ. ಒಂದೇ ಪ್ಯಾಂಟಿಗೆ ಹಿಂದಿನ ಪಟ್ಟಿ, ಜಿಪ್, ಅಡಗಿದ ರಿವೆಟ್ ಎಲ್ಲ ಸೇರಿಸಿ ವಿಂಟೇಜ್ ಎಂದು ಮಾರುವ ಆಸೆಯನ್ನು ಮಾತ್ರ ಬಿಡಿ. ಆ ಎಲ್ಲವೂ ಒಟ್ಟಿಗಿದ್ದ ವರ್ಷವೇ ಇಲ್ಲ.

ಸೊಂಟಪಟ್ಟಿಯ ಒಳಗೆ ಬಳ್ಳಾರಿ ಎಂದು ಕನ್ನಡದಲ್ಲಿ ಬರೆಯಿರಿ, ಹೊಲಿದವರ ಹೆಸರನ್ನೂ ಬರೆಯಿರಿ. ಡೇವಿಸನಿಗೆ ಸಿಗದೇ ಹೋದದ್ದು ಅದು.

ಮೊದಲ ಲಾಟಿನಲ್ಲಿ 34 ಸೊಂಟದ್ದೊಂದು ನನಗೆ ಎತ್ತಿಡಿ. ಒಗೆದ ಮೇಲೆ ಕುಗ್ಗುತ್ತದೆ ಎಂದು ತಿಳಿದೇ ಎರಡು ಇಂಚು ಹೆಚ್ಚು ಕೇಳಿದ್ದೇನೆ. ಬೆಲೆ ನೀವು ಹೇಳಿದ್ದು, ಚೌಕಾಸಿ ಮಾಡುವುದಿಲ್ಲ.

ಇಂತಿ,
ನಿಮ್ಮ ಗಿರಾಕಿಗಳಲ್ಲೊಬ್ಬ